ದೋಣಿ ಒಡೆದಿದೆ, ಸರ್ವೇಯರ್ ಬರ್ತಿದ್ದಾರೆ: ನೀವು ಮಾಡಬೇಕಾದ ಕೆಲಸಗಳು

ದಾವಣಗೆರೆ ಜಿಲ್ಲೆಯ ಸೂಳೆಕೆರೆಯಲ್ಲಿ ಮೇ ತಿಂಗಳ ಸಂಜೆ ಏಳುವ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಅರ್ಧ ಗಂಟೆ ಮುಂಚೆ ನೀರು ಕನ್ನಡಿ ಹಾಗೆ ಇರುತ್ತೆ. ಆಮೇಲೆ ಅಲೆ ಏರಿಗೆ ಬಡಿಯುವ ಸದ್ದು ಊರೊಳಗೆ ಕೇಳುತ್ತೆ. ಅಂಥದ್ದೇ ಒಂದು ಸಂಜೆ ನಾನು, ನಮ್ಮ ಭಾವ ಸೇರಿ ಬ್ಯಾಂಕ್ ಸಾಲ ಮಾಡಿ ತಗೊಂಡಿದ್ದ ಫೈಬರ್ ದೋಣಿ ಹಗ್ಗ ಕಿತ್ತುಕೊಂಡು ಏರಿಯ ಕಲ್ಲಿಗೆ ಬಡಿಯಿತು. ತಳ ಸೀಳಿತು. ಇಂಜಿನ್ ಸಮೇತ ಹಿಂಭಾಗ ನೀರಲ್ಲಿ ಮುಳುಗಿತು.

ವಿಮೆ ಇತ್ತು. ಆದರೂ ದುಡ್ಡು ಕೈಗೆ ಬರುವಷ್ಟರಲ್ಲಿ ಏಳು ತಿಂಗಳಾಯಿತು. ರಿಪೇರಿಗೆ ಬಂದ ಎಸ್ಟಿಮೇಟ್ 1,42,000 ರೂಪಾಯಿ. ನಷ್ಟ ಅಳೆಯಲು ವಿಮೆ ಕಂಪನಿ ಕಳಿಸಿದ ಸರ್ವೇಯರ್ ಮೊದಲು ಲೆಕ್ಕ ಹಾಕಿದ್ದು 58,000. ಕೊನೆಗೆ ಸಿಕ್ಕಿದ್ದು 1,06,000. ಈ ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ, ಹರಿಹರದ ಹೊಳೆ, ಎಲ್ಲೇ ದೋಣಿ ಇಟ್ಟುಕೊಂಡವರಿಗೂ ಇದು ಬೇಕಾಗುತ್ತೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಕರಾವಳಿಯಲ್ಲಿ ದೋಣಿ ನೋಡಿ ನೋಡಿ ಪಳಗಿದ ಸರ್ವೇಯರ್ ಸಿಗುತ್ತಾರೆ. ನಮ್ಮ ಕಡೆಗೆ ಬರುವವರು ಹೆಚ್ಚಾಗಿ ಕಾರು, ಲಾರಿ, ಟ್ರ್ಯಾಕ್ಟರ್ ನೋಡುವವರು. ಅವರು ಕೆಟ್ಟವರು ಅಂತಲ್ಲ. ದೋಣಿಯ ನಷ್ಟ ಹೊರಗಿನಿಂದ ಕಾಣುವುದು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗವನ್ನು ನಾವೇ ತೋರಿಸಿಕೊಡಬೇಕು. ತೋರಿಸದೆ ಬಿಟ್ಟಿದ್ದು ವರದಿಯಲ್ಲಿ ಬರುವುದಿಲ್ಲ.

ಮೊದಲ ಕೆಲವು ಗಂಟೆ

ಜನಕ್ಕೆ ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ. ಮಿಕ್ಕಿದ್ದೆಲ್ಲ ಆಮೇಲೆ.

ದೋಣಿ ಇನ್ನೂ ನೀರಲ್ಲಿ ಇರುವಾಗಲೇ ಫೋಟೋ, ವಿಡಿಯೋ ತೆಗೆಯಿರಿ. ಹಿಂದೆ ಏರಿ, ತೂಬು, ಗುಡ್ಡ, ಹೀಗೆ ಜಾಗದ ಗುರುತು ಸಿಗುವ ಏನಾದರೂ ಫೋಟೋದಲ್ಲಿ ಇರಲಿ. ಕಿತ್ತುಹೋದ ಹಗ್ಗದ ಎರಡೂ ತುದಿ ಎತ್ತಿಡಿ. ನಮ್ಮ ಹಗ್ಗವನ್ನು ಯಾರೋ ದನ ಕಟ್ಟಲು ತಗೊಂಡು ಹೋಗಿಬಿಟ್ಟಿದ್ದರು. ಸರ್ವೇಯರ್ ಬಂದು ಕೇಳಿದ ಮೊದಲ ಪ್ರಶ್ನೆಯೇ "ಯಾವ ಹಗ್ಗದಲ್ಲಿ ಕಟ್ಟಿದ್ರಿ?" ಎಂದು. ತೋರಿಸಲು ಏನೂ ಇರಲಿಲ್ಲ.

ಆಮೇಲೆ ದೋಣಿಯನ್ನು ದಡಕ್ಕೆ ಎಳೆದು ಹಾಕಿ. "ಸರ್ವೇಯರ್ ಬರೋವರೆಗೆ ಮುಟ್ಟಬಾರದು" ಅಂತ ಎಷ್ಟೋ ಜನ ಹೇಳುತ್ತಾರೆ. ಆ ಮಾತು ಅರ್ಧ ಸರಿ. ರಿಪೇರಿ ಮಾಡಬಾರದು, ಒಡೆದ ಭಾಗ ಬಿಸಾಡಬಾರದು. ಆದರೆ ನಷ್ಟ ಇನ್ನೂ ಬೆಳೆಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸವೇ. ವಿಮೆ ಇಲ್ಲದವನು ತನ್ನ ಆಸ್ತಿ ಹೇಗೆ ಕಾಪಾಡಿಕೊಳ್ಳುತ್ತಾನೋ ಹಾಗೇ ನೀವೂ ಮಾಡಬೇಕು ಎಂಬುದು ವಿಮೆಯ ಹಳೆಯ ನಿಯಮ. ದೋಣಿಯನ್ನು ರಾತ್ರಿಯಿಡೀ ಕಲ್ಲಿಗೆ ಬಡಿಯಲು ಬಿಟ್ಟರೆ "ಈ ನಷ್ಟ ನಿಮ್ಮ ಅಸಡ್ಡೆಯಿಂದ ಆಗಿದ್ದು" ಎನ್ನುತ್ತಾರೆ. ಎಳೆಯಲು ತರಿಸಿದ ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಹೊದಿಸಿದ ಟಾರ್ಪಾಲ್, ಇವಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ. ಅದನ್ನೂ ಕ್ಲೇಮ್‌ನಲ್ಲಿ ಕೇಳಬಹುದು.

ಮುಳುಗಿದ ಇಂಜಿನ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾವು ಹೆಚ್ಚು ಕಳೆದುಕೊಂಡಿದ್ದು ಇಲ್ಲೇ.

ನೀರಲ್ಲಿ ಮುಳುಗಿ ಎದ್ದ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗೆ ಕೂರಿಸುವ) ಇಂಜಿನ್ನನ್ನು ಸ್ಟಾರ್ಟ್ ಮಾಡಿ ನೋಡಬೇಡಿ. "ಒಂದ್ಸಲ ಎಳೆದು ನೋಡೋಣ, ಹತ್ತಿದ್ರೆ ಹತ್ತಲಿ" ಅನ್ನೋದು ಸಹಜ. ನಮ್ಮ ಭಾವನೂ ಹಾಗೇ ಎಳೆದರು. ಸಿಲಿಂಡರ್ ಒಳಗೆ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಹಾಗೆ ಬಗ್ಗಿದ್ದು ಅಪಘಾತದ ನಷ್ಟ ಅಲ್ಲ, ಆಮೇಲೆ ನೀವೇ ಮಾಡಿಕೊಂಡ ನಷ್ಟ ಎಂದು ಸರ್ವೇಯರ್ ಬರೆಯುತ್ತಾರೆ. ಆ ವಾದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮಾಡಬೇಕಾದ್ದು ಇಷ್ಟು. ಇಂಜಿನ್ ಮೇಲಿನ ಕೆಸರು, ಕಸವನ್ನು ಒಳ್ಳೆ ನೀರಲ್ಲಿ ತೊಳೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್‌ನ ತೂತು ಕೆಳಮುಖ ಆಗುವಂತೆ ಇಂಜಿನ್ ವಾಲಿಸಿ. ಒಳಗಿನ ನೀರು, ಕೆಸರು ಇಳಿದುಹೋಗಲಿ. ಕಾರ್ಬ್ಯುರೇಟರ್, ಫಿಲ್ಟರ್, ಪೈಪ್‌ಗಳಲ್ಲಿರುವ ಪೆಟ್ರೋಲ್ ಇಳಿಸಿ. ಫೋರ್ ಸ್ಟ್ರೋಕ್ ಆದರೆ ಇಂಜಿನ್ ಆಯಿಲ್ ಕೂಡ ಇಳಿಸಿ. ಪ್ಲಗ್ ಇಲ್ಲದೆಯೇ ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ, ಪ್ಲಗ್ ತೂತು ಮತ್ತು ಕಾರ್ಬ್ಯುರೇಟರ್ ಮೂಲಕ ಸ್ವಲ್ಪ ಇಂಜಿನ್ ಆಯಿಲ್ ಬಿಡಿ. ಎಲ್ಲ ಕಡೆ ಎಣ್ಣೆ ಹತ್ತಿದರೆ ತುಕ್ಕು ತಡೆಯುತ್ತೆ. ನಂತರ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮೆಕ್ಯಾನಿಕ್ ಕೈಗೆ ಕೊಡಿ. ಗಾಳಿ ತಾಗಿದ ಕೂಡಲೇ ತುಕ್ಕು ಶುರು.

ಇದನ್ನೆಲ್ಲ ವಿಡಿಯೋ ಮಾಡಿ. ಇಂಜಿನ್ ನಂಬರ್ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಪ್ಲಗ್ ತೂತಿನಿಂದ ನೀರು ಬರುವುದು ಕಾಣುವ ಒಂದು ತುಣುಕು ವಿಡಿಯೋ ಇದ್ದರೆ, ಅದು ನೂರು ಮಾತಿಗೆ ಸಮ. ಶುರು ಮಾಡುವ ಮುಂಚೆ ವಿಮೆ ಕಂಪನಿಗೆ ಒಂದು ಮೆಸೇಜ್ ಹಾಕಿ: "ಇಂಜಿನ್ ಮುಳುಗಿದೆ, ತುಕ್ಕು ತಡೆಯಲು ತೊಳೆದು ಎಣ್ಣೆ ಬಿಡುತ್ತಿದ್ದೇವೆ, ರಿಪೇರಿ ಮಾಡುತ್ತಿಲ್ಲ." ಅಷ್ಟು ಸಾಕು.

ಇಂಜಿನ್ ದೋಣಿಯಿಂದ ಕಳಚಿ ನೀರಿನ ತಳಕ್ಕೇ ಹೋಗಿದ್ದರೆ ಪಾಲಿಸಿ ತೆಗೆದು ಓದಿ. ಹಲವು ಪಾಲಿಸಿಗಳಲ್ಲಿ ಔಟ್‌ಬೋರ್ಡ್ ಇಂಜಿನ್ ತಾನಾಗಿ ಕಳಚಿ ಬಿದ್ದರೆ ಪರಿಹಾರ ಇಲ್ಲ ಎಂಬ ಸಾಲು ಇರುತ್ತೆ. ಇಂಜಿನ್ ಕೂರಿಸಿದ ಹಿಂಬದಿಯ ಹಲಗೆಯೇ ಮುರಿದು ಇಂಜಿನ್ ಬಿದ್ದಿದ್ದರೆ ಆ ಮುರಿದ ಹಲಗೆಯೇ ನಿಮ್ಮ ಸಾಕ್ಷಿ. ಅದನ್ನು ಜೋಪಾನ ಮಾಡಿ.

ತಿಳಿಸುವುದು, ಕಾಗದ ಮಾಡಿಸುವುದು

ಅದೇ ದಿನ ವಿಮೆ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದುಕೊಳ್ಳಿ. ಫೋನ್ ಮಾತು ಗಾಳಿಗೆ ಹೋಗುತ್ತೆ. ಆದ್ದರಿಂದ ಒಂದು ಇ-ಮೇಲ್ ಕೂಡ ಕಳಿಸಿ. ಇ-ಮೇಲ್ ಬರದಿದ್ದರೆ ಮಕ್ಕಳ ಕೈಲಿ ಕಳಿಸಿಸಿ. ಕನ್ನಡದಲ್ಲಿ ನಾಲ್ಕೇ ಸಾಲು ಇದ್ದರೂ ಪರವಾಗಿಲ್ಲ. ದಿನಾಂಕ, ಹೊತ್ತು, ಜಾಗ, ಏನಾಯಿತು. ಏಜೆಂಟ್‌ಗೆ ಹೇಳಿದ್ದೇನೆ ಅಂತ ಸುಮ್ನೆ ಕೂರಬೇಡಿ.

ಪೊಲೀಸ್ ಠಾಣೆಯಲ್ಲಿ ಒಂದು ಅರ್ಜಿ ಕೊಟ್ಟು ಹಿಂಬರಹ ತಗೊಳ್ಳಿ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ತಿಳಿಸಿ. ಸಾಧ್ಯವಾದರೆ ಗ್ರಾಮ ಆಡಳಿತ ಅಧಿಕಾರಿಯಿಂದ ಸ್ಥಳ ಮಹಜರು ಆಗಲಿ. ಅದಕ್ಕೆ ಊರಿನ ಇಬ್ಬರು ಸಹಿ ಹಾಕಲಿ. ಆ ಇಬ್ಬರು ನಿಮ್ಮ ಮನೆಯವರಾಗದೆ ಇದ್ದರೆ ಒಳ್ಳೇದು.

ಗಾಳಿ ಮಳೆಗೆ ಪುರಾವೆ ಕೇಳುತ್ತಾರೆ. ನಮ್ಮ ಕೇಸಿನಲ್ಲೂ ಕೇಳಿದರು. ದಾವಣಗೆರೆ ಪೇಟೆಯಲ್ಲಿ ಆ ದಿನ ಹನಿ ಮಳೆ ಇರಲಿಲ್ಲ, ಕೆರೆ ಮೇಲೆ ಬಿರುಗಾಳಿ. ಹೊರಗಿನವರಿಗೆ ಇದನ್ನು ಹೇಗೆ ನಂಬಿಸುತ್ತೀರಿ? ದಾರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು, ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿದೆ. ಗಾಳಿಯ ವೇಗವೂ ದಾಖಲಾಗುತ್ತೆ. ನಿಮ್ಮ ಹೋಬಳಿಯ ಆ ದಿನದ ವಿವರ ಬೇಕೆಂದು ಅರ್ಜಿ ಹಾಕಿ. ಮರ ಬಿದ್ದ, ಕರೆಂಟ್ ಕಂಬ ಉರುಳಿದ ಸುದ್ದಿ ಮಾರನೇ ದಿನದ ಪೇಪರಿನಲ್ಲಿ ಬಂದಿದ್ದರೆ ಕತ್ತರಿಸಿಡಿ.

ಹಿರಿಯೂರು ಕಡೆಯವರಿಗೆ ಇನ್ನೊಂದು ಮಾತು. ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತಲ್ವಾ? 1933ರ ನಂತರ ಅದೇ ಮೊದಲು. ನೀರು ಹಾಗೆ ಏರಿದ ವರ್ಷ ದಡದ ಜಾಲಿ ಮರ, ಬೇಲಿ ಕಲ್ಲು ಎಲ್ಲ ನೀರೊಳಗೆ ಹೋಗುತ್ತೆ. ದೋಣಿ ಅದಕ್ಕೆ ಬಡಿದು ಒಡೆದರೆ, ಸರ್ವೇಯರ್ ಬರುವಷ್ಟರಲ್ಲಿ ನೀರು ಇಳಿದು ಜಾಗದ ರೂಪವೇ ಬದಲಾಗಿರಬಹುದು. ಆ ದಿನದ ಜಲಾಶಯದ ಮಟ್ಟ ಎಷ್ಟು ಅಡಿ ಇತ್ತು ಅನ್ನೋದನ್ನು ಬರೆದಿಟ್ಟುಕೊಳ್ಳಿ. ಪೂರ್ಣ ಮಟ್ಟ 130 ಅಡಿ. ಅದರ ಹತ್ತಿರ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತೆ.

ಸರ್ವೇಯರ್ ಯಾರು

ಸರ್ವೇಯರ್ ವಿಮೆ ಕಂಪನಿಯ ನೌಕರರಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದಿಂದ ಲೈಸೆನ್ಸ್ ಪಡೆದವರು. ಕಂಪನಿ ಅವರನ್ನು ನೇಮಿಸುತ್ತೆ, ಫೀಸ್ ಕೂಡ ಕಂಪನಿಯೇ ಕೊಡುತ್ತೆ. ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ. ಬಂದವರಿಗೆ ನೀರು, ಟೀ, ಊಟದ ಹೊತ್ತಾದರೆ ಊಟ, ನಮ್ಮ ಕಡೆಯ ಮರ್ಯಾದೆ ಅದು. ದುಡ್ಡಿನ ಮಾತು ಬಂದರೆ ಬೇಡವೇ ಬೇಡ. ಒಮ್ಮೆ ಕೊಟ್ಟರೆ ಆಮೇಲೆ ವರದಿ ತಪ್ಪಿದೆ ಅಂತ ದೂರುವ ಬಾಯಿ ಉಳಿಯುವುದಿಲ್ಲ.

ಅವರ ಲೈಸೆನ್ಸ್‌ನಲ್ಲಿ ಯಾವ ಯಾವ ವಿಭಾಗ ನೋಡಬಹುದು ಎಂದು ಬರೆದಿರುತ್ತೆ. ಮೋಟಾರು, ಬೆಂಕಿ, ಇಂಜಿನಿಯರಿಂಗ್, ಹೀಗೆ. ದೋಣಿ, ಹಡಗಿನ ಒಡಲಿಗೆ ಮೆರೈನ್ ಹಲ್ ಎಂಬ ಬೇರೆ ವಿಭಾಗ ಇದೆ. ಫೋನ್ ಮಾಡಿದಾಗ ವಿನಯದಿಂದಲೇ ಕೇಳಿ: "ಸರ್, ತಮ್ಮ ಲೈಸೆನ್ಸ್‌ನಲ್ಲಿ ಮೆರೈನ್ ಹಲ್ ಇದೆಯಾ?" ಇಲ್ಲ ಅಂದರೆ ಜಗಳ ಬೇಡ. ಆ ವಿಭಾಗದವರನ್ನು ಕಳಿಸಿ ಎಂದು ಕಂಪನಿಗೆ ಇ-ಮೇಲ್ ಹಾಕಿ. ನಾವು ಕೇಳಲಿಲ್ಲ. ನಮಗೆ ಹಾಗೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಅವರು ಬಂದ ದಿನ

ದೋಣಿಯನ್ನು ನೆರಳಿನಲ್ಲಿ, ನೆಲದಿಂದ ಎರಡು ಅಡಿ ಎತ್ತರಕ್ಕೆ ಇಟ್ಟಿಗೆ ಅಥವಾ ಟೈರ್ ಮೇಲೆ ಕೂರಿಸಿ. ತಳ ನೋಡಲು ಬಗ್ಗುವಂತಿರಬೇಕು. ಪಾಚಿ ತೊಳೆದಿರಬೇಕು, ಆದರೆ ಸೀಳಿನ ಒಳಗೆ ಉಜ್ಜಬೇಡಿ. ಕಾರಣ ಇದೆ. ಹಳೇ ಸೀಳಿನೊಳಗೆ ಕೊಳೆ, ಪಾಚಿ ಕಪ್ಪಗೆ ಕೂತಿರುತ್ತೆ. ಹೊಸ ಸೀಳು ಬೆಳ್ಳಗೆ, ಫೈಬರ್ ಎಳೆ ಎದ್ದುಕೊಂಡು ಇರುತ್ತೆ. "ಇದು ಹಳೇದು, ಸವೆತ" ಎಂಬ ಮಾತನ್ನು ತಳ್ಳಿಹಾಕಲು ಆ ಬಿಳುಪೇ ಸಾಕು. ಸವೆತಕ್ಕೆ ಯಾವ ವಿಮೆಯೂ ದುಡ್ಡು ಕೊಡುವುದಿಲ್ಲ.

ಫೈಬರ್ ದೋಣಿ ಒಂದರ ಮೇಲೊಂದು ಅಂಟಿಸಿದ ಪದರಗಳಿಂದ ಆಗಿದ್ದು. ಕಲ್ಲಿಗೆ ಬಡಿದಾಗ ಜೆಲ್‌ಕೋಟ್ ಎಂಬ ನುಣುಪಾದ ಹೊರಪದರದ ಮೇಲೆ ಜೇಡರ ಬಲೆ ಥರ ಗೀರು ಕಾಣುತ್ತೆ ಅಷ್ಟೇ. ಒಳಗೆ ಪದರ ಬಿಟ್ಟಿರುತ್ತೆ. ಅದನ್ನು ಕಂಡುಹಿಡಿಯಲು ಒಂದು ನಾಣ್ಯ ಸಾಕು. ಚೆನ್ನಾಗಿರೋ ಕಡೆ ನಾಣ್ಯದಿಂದ ತಟ್ಟಿ, ಟಣ್ ಎನ್ನುತ್ತೆ. ಪದರ ಬಿಟ್ಟ ಕಡೆ ತಟ್ಟಿದರೆ ಡಬ್ ಎಂದು ಸತ್ತ ಸದ್ದು. ಸರ್ವೇಯರ್ ಬರುವ ಮುಂಚೆಯೇ ಇಡೀ ತಳವನ್ನು ತಟ್ಟಿ ನೋಡಿ, ಡಬ್ ಎನ್ನುವ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅವರು ಬಂದಾಗ ಅವರ ಕೈಗೇ ನಾಣ್ಯ ಕೊಟ್ಟು "ಸರ್, ನೀವೇ ತಟ್ಟಿ ನೋಡಿ" ಅನ್ನಿ. ನಮ್ಮ ಎರಡನೇ ತಪಾಸಣೆ ದಿನ ಸರ್ವೇಯರ್ ಮುಖ ಬದಲಾಗಿದ್ದು ಈ ಕ್ಷಣದಲ್ಲಿ. ಒಂದು ಅಡಿ ಸೀಳು ಎಂದು ಬರೆದುಕೊಂಡು ಹೋಗಿದ್ದವರು, ಆ ಸದ್ದು ಕೇಳಿ ಟೇಪ್ ಹಿಡಿದು ಅಳೆಯಲು ಕೂತರು.

ಇನ್ನು ಇಂಜಿನ್ ಕೂರಿಸುವ ಹಿಂಬದಿಯ ಹಲಗೆ. ಫೈಬರ್ ಒಳಗೆ ಪ್ಲೈವುಡ್ ಇರುತ್ತೆ. ಬೋಲ್ಟ್ ತೂತಿನ ಸುತ್ತ ಬಿರುಕು ಬಿಟ್ಟರೆ ಪ್ಲೈವುಡ್ ನೀರು ಕುಡಿದು ಕೊಳೆಯುತ್ತೆ. ಇಂಜಿನ್ ಹಿಡಿದು ಅಲುಗಾಡಿಸಿ, ಹಲಗೆ ಮಿಸುಕುವುದನ್ನು ತೋರಿಸಿ. ತಳದ ಒಳಗಿನ ಅಡ್ಡಪಟ್ಟಿಗಳು ಬಿಟ್ಟಿವೆಯಾ ಎಂದು ಕಾಲಿಡುವ ಹಲಗೆ ತೆಗೆದು ತೋರಿಸಿ. ಮೋಟಾರು ನೋಡಿ ಅಭ್ಯಾಸ ಆದವರು ಈ ಎರಡನ್ನು ತಾವಾಗಿ ನೋಡುವುದು ಅಪರೂಪ.

ಮಾತಿನಲ್ಲಿ ಎಚ್ಚರ ಇರಲಿ. ಕಂಡದ್ದನ್ನು ಹೇಳಿ, ಊಹೆ ಹೇಳಬೇಡಿ. "ಹಗ್ಗ ಸ್ವಲ್ಪ ಹಳೇದಾಗಿತ್ತೇನೋ" ಎಂದು ಬಾಯಿ ತಪ್ಪಿ ಅಂದರೆ ಆ "ಏನೋ" ವರದಿಯಲ್ಲಿ ಇರುವುದಿಲ್ಲ, "ಹಗ್ಗ ಹಳೇದು" ಇರುತ್ತೆ. ಹಾಗಂತ ಸುಳ್ಳು ಕೂಡ ಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತೆ. "ಅಂದಾಜು ಎಷ್ಟಾಗಬಹುದು ಯಜಮಾನ್ರೇ?" ಎಂದು ಕೇಳಿದರೆ ಮೊತ್ತ ಹೇಳಬೇಡಿ. "ಎಸ್ಟಿಮೇಟ್ ಬರೆಸಿ ಕೊಡ್ತೀನಿ ಸರ್" ಅನ್ನಿ. ಹೇಳಿಕೆಯನ್ನು ಕನ್ನಡದಲ್ಲೇ ಬರೆದುಕೊಡಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಕೊಟ್ಟ ಪ್ರತಿ ಕಾಗದದ ಜೆರಾಕ್ಸ್ ಮೇಲೆ "ಸ್ವೀಕರಿಸಿದೆ" ಎಂದು ಸಹಿ ಮಾಡಿಸಿಕೊಳ್ಳಿ.

ಎಸ್ಟಿಮೇಟ್

ದಾವಣಗೆರೆಯಲ್ಲಿ ಫೈಬರ್ ಕೆಲಸ ಮಾಡುವವರು ಇದ್ದಾರೆ. ಆದರೆ ನೀರಿನ ಟ್ಯಾಂಕಿಗೆ ತೇಪೆ ಹಾಕುವುದು ಬೇರೆ, ಅಲೆ ತಡೆಯುವ ದೋಣಿ ತಳ ಕಟ್ಟುವುದು ಬೇರೆ. ಸರಿಯಾದ ರಿಪೇರಿಗೆ ಸೀಳಿನ ಸುತ್ತ ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಒಂದೊಂದೇ ಪದರ ಮ್ಯಾಟ್ (ಫೈಬರ್ ಎಳೆಯ ಹಾಳೆ) ಮತ್ತು ರೆಸಿನ್ (ಅಂಟು) ಹಾಕಿ ಬೆಳೆಸಬೇಕು. ಅದಕ್ಕೇ ಒಂದು ಅಡಿ ಸೀಳಿಗೆ ನಾಲ್ಕೈದು ಅಡಿ ಕೆಲಸ ಆಗುತ್ತೆ. ಇದನ್ನು ಎಸ್ಟಿಮೇಟಿನಲ್ಲೇ ಬಿಡಿಸಿ ಬರೆಸಿ. ಒಂದು ಎಸ್ಟಿಮೇಟ್ ಇಲ್ಲಿಂದ, ಇನ್ನೊಂದು ಮಲ್ಪೆ ಅಥವಾ ಮಂಗಳೂರಿನ ದೋಣಿ ಯಾರ್ಡ್‌ನಿಂದ ತರಿಸಿ. ಅಲ್ಲಿಗೆ ಲಾರಿಯಲ್ಲಿ ಸಾಗಿಸುವ ಖರ್ಚು ಬೇರೆ ಸಾಲಿನಲ್ಲಿ ಇರಲಿ. "ಒಟ್ಟು ರಿಪೇರಿ ಇಷ್ಟು" ಎಂಬ ಒಂದೇ ಸಾಲಿನ ಎಸ್ಟಿಮೇಟ್ ಕೊಟ್ಟರೆ ಕತ್ತರಿ ಹಾಕುವುದು ಬಹಳ ಸುಲಭ.

ವರದಿ ಬಂದ ಮೇಲೆ

ವರದಿಯ ಪ್ರತಿ ಕೊಡಿ ಎಂದು ಕಂಪನಿಗೆ ಬರೆದು ಕೇಳಿ. ಬರೀ ಮೊತ್ತ ಹೇಳಿದರೆ ಒಪ್ಪಬೇಡಿ, ಲೆಕ್ಕ ನೋಡಿ. ಮೂರು ಕಡೆ ಕಡಿತ ಇರುತ್ತೆ. ದೋಣಿಗೆ ವಯಸ್ಸಾಗಿದೆ ಎಂದು ಸವಕಳಿ, ನೀವೇ ಹೊರಬೇಕಾದ ಎಕ್ಸೆಸ್, ಒಡೆದ ಭಾಗಗಳ ಗುಜರಿ ಬೆಲೆ. ಮೂರೂ ಪಾಲಿಸಿಯಲ್ಲಿ ಹೇಳಿದಂತೆ ಇದೆಯಾ ನೋಡಿ. ನಮ್ಮ ವರದಿಯಲ್ಲಿ ಹಿಂಬದಿ ಹಲಗೆಯ ಮಾತೇ ಇರಲಿಲ್ಲ. ತಳವನ್ನು ಕಾರಿನ ಬಂಪರ್ ಥರ ಚದರ ಅಡಿಗೆ ಇಷ್ಟು ಎಂದು ಲೆಕ್ಕ ಹಾಕಿದ್ದರು.

ಇನ್ನೊಂದು ಕಡಿತ ಎಷ್ಟೋ ಜನಕ್ಕೆ ಅರ್ಥವೇ ಆಗುವುದಿಲ್ಲ. ನಿಮ್ಮ ದೋಣಿಯ ನಿಜವಾದ ಬೆಲೆ 4 ಲಕ್ಷ, ಪ್ರೀಮಿಯಂ ಉಳಿಸಲು 2 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಅಂದುಕೊಳ್ಳಿ. 1 ಲಕ್ಷ ನಷ್ಟವಾದರೆ 50,000 ಮಾತ್ರ ಕೊಡುತ್ತಾರೆ. ಅರ್ಧ ವಿಮೆಗೆ ಅರ್ಧ ಪರಿಹಾರ. ಬೆಲೆಯನ್ನು ಮೊದಲೇ ಒಪ್ಪಿ ಬರೆದ ಪಾಲಿಸಿ ಆಗಿದ್ದರೆ ಈ ತೊಂದರೆ ಇರುವುದಿಲ್ಲ. ನಿಮ್ಮದು ಯಾವುದು ಎಂದು ಪಾಲಿಸಿಯ ಮೊದಲ ಪುಟದಲ್ಲೇ ನೋಡಬಹುದು.

ವರದಿ ಒಪ್ಪಿಗೆ ಆಗದಿದ್ದರೆ, ಯಾವ ಸಾಲು ಏಕೆ ತಪ್ಪು ಎಂದು ಒಂದು ಪುಟದಲ್ಲಿ ಬರೆದು, ಫೋಟೋ ಹಚ್ಚಿ, ಮರು ತಪಾಸಣೆ ಕೇಳಿ. ಸರ್ವೇಯರ್ ಹೇಳಿದ್ದೇ ಕೊನೆ ಮಾತಲ್ಲ. ಅವರ ವರದಿಗೆ ಕಂಪನಿಯೂ ವಿಮೆ ಮಾಡಿಸಿದವನೂ ಕಟ್ಟುಬಿದ್ದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಾನು ಈ ಒಂದು ವಾಕ್ಯವನ್ನು ಪತ್ರದಲ್ಲಿ ಸೇರಿಸಿದ ಮೇಲೆ ಉತ್ತರದ ಧಾಟಿಯೇ ಬೇರೆಯಾಯಿತು.

ದುಡ್ಡು ಕೊಡುವ ಮುಂಚೆ ಡಿಸ್ಚಾರ್ಜ್ ವೋಚರ್‌ಗೆ ಸಹಿ ಕೇಳುತ್ತಾರೆ. "ಪೂರ್ತಿ ಮತ್ತು ಅಂತಿಮ ಪರಿಹಾರ" ಎಂದು ಅದರಲ್ಲಿ ಇರುತ್ತೆ. ಮೊತ್ತ ಒಪ್ಪಿಗೆ ಇಲ್ಲದಿದ್ದರೆ, ತಕರಾರು ಉಳಿಸಿಕೊಂಡು ಪಡೆಯುತ್ತಿದ್ದೇನೆ ಎಂದು ಸಹಿಯ ಜೊತೆ ಬರೆಯಿರಿ, ಅದೇ ದಿನ ಇ-ಮೇಲ್ ಕೂಡ ಹಾಕಿ. ಒತ್ತಾಯದಿಂದ ಸಹಿ ಹಾಕಿಸಿಕೊಂಡಿದ್ದರೆ ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಒತ್ತಾಯ ಇತ್ತು ಅಂತ ನೀವೇ ತೋರಿಸಬೇಕು.

ಇಷ್ಟಕ್ಕೂ ಬಗ್ಗದಿದ್ದರೆ

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ಹಾಕಬಹುದು, ಟೋಲ್ ಫ್ರೀ ನಂಬರ್ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ವಿಮೆ ತಕರಾರು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಫೀಸ್ ಇಲ್ಲ, ವಕೀಲರು ಬೇಕಾಗಿಲ್ಲ. 50 ಲಕ್ಷದವರೆಗಿನ ಪರಿಹಾರ ಕೇಳಬಹುದು. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಒಬ್ಬರ ಹೆಸರಲ್ಲಿರುವ ದೋಣಿಗೆ, ಅತಿ ಸಣ್ಣ (ಮೈಕ್ರೋ) ಉದ್ದಿಮೆಗೆ ಈ ದಾರಿ ಒಳ್ಳೇದು.

ದೋಣಿ ಮೀನುಗಾರರ ಸಹಕಾರ ಸಂಘದ ಹೆಸರಲ್ಲಿದ್ದರೆ ಗ್ರಾಹಕರ ಆಯೋಗವೇ ಸರಿ ಅನ್ನೋದು ನನ್ನ ಅಭಿಪ್ರಾಯ. ದಾವಣಗೆರೆ, ಚಿತ್ರದುರ್ಗ ಎರಡರಲ್ಲೂ ಜಿಲ್ಲಾ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಹಾಕಬೇಕು.

ಸಾಲದ ದೋಣಿ ಆಗಿದ್ದರೆ ಬ್ಯಾಂಕಿಗೆ ಮೊದಲ ದಿನವೇ ತಿಳಿಸಿ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಪರಿಹಾರದ ದುಡ್ಡು ಸೀದಾ ಅಲ್ಲಿಗೆ ಹೋಗುತ್ತೆ. ರಿಪೇರಿಗೆ ಬಿಡುಗಡೆ ಮಾಡಿ ಎಂದು ಮ್ಯಾನೇಜರ್‌ಗೆ ಮುಂಚೆಯೇ ಪತ್ರ ಕೊಟ್ಟಿರಬೇಕು. ನಾವು ಕೊಟ್ಟಿರಲಿಲ್ಲ. ಬಂದ ಹಣ ಸಾಲಕ್ಕೆ ಜಮಾ ಆಗಿ, ಅದನ್ನು ವಾಪಸ್ ಪಡೆಯಲು ಇನ್ನೂ ಐದು ವಾರ ಅಲೆದೆವು. ಆ ಐದು ವಾರ ಭಾವ ತೆಪ್ಪದಲ್ಲೇ ಬಲೆ ಬಿಟ್ಟರು.

ಈಗ ಪಾಲಿಸಿ ನವೀಕರಿಸುವ ದಿನ ದೋಣಿಯನ್ನು ಮಗುಚಿ ಹಾಕಿ ತಳ, ಹಲಗೆ, ಇಂಜಿನ್ ನಂಬರ್, ಕಟ್ಟುವ ಹಗ್ಗ, ಎಲ್ಲದರ ಫೋಟೋ ತೆಗೆದು ವಿಮೆ ಕಂಪನಿಗೇ ಇ-ಮೇಲ್ ಮಾಡುತ್ತೇವೆ. ಹಗ್ಗದ ಬಿಲ್ಲನ್ನೂ ಜೊತೆಗೆ ಹಚ್ಚುತ್ತೇವೆ.